ನೀರುನಾಯಿಗೆ ಅಟ್ಟಣಿಗೆ, ರೀವಕ್ಕೆ ಟ್ರ್ಯಾಕ್ಟರ್

ವನ್ಯಜೀವಿ ಕಚೇರಿಯ ಮುಖ್ಯಾಧಿಕಾರಿಗಳೇ,

ನದಿಯ ಮರಳದಿಣ್ಣೆಯಲ್ಲಿ ರೀವ ಹಕ್ಕಿಗಳು ಕಾವು ಕೂತಿದ್ದಾಗಲೇ ತಾವು ಅಲ್ಲಿ ನೀರುನಾಯಿ ನೋಡುವ ಅಟ್ಟಣಿಗೆ ಕಟ್ಟಿಸಿದಿರಿ. ಈಗ ಅಲ್ಲಿ ಹಕ್ಕಿಯೂ ಇಲ್ಲ, ನೀರುನಾಯಿಯೂ ಇಲ್ಲ. ಅಟ್ಟಣಿಗೆ ಮಾತ್ರ ಗಟ್ಟಿಮುಟ್ಟಾಗಿದೆ. ಅಭಿನಂದನೆಗಳು.

ನಾನು ದೋಣಿ ರಿಪೇರಿ ಮಾಡುವವನು. ನನ್ನಕ್ಕ ನಿವೃತ್ತ ದಾದಿ. ಒಂಬತ್ತು ವರ್ಷ ಆ ಗೂಡುಗಳನ್ನು ಕಾದವಳು. ಗೂಡೆಂದರೆ ಮರಳಿನಲ್ಲೊಂದು ತಗ್ಗು, ಅದರಲ್ಲಿ ಬೆಣಚುಕಲ್ಲಿನಂಥ ಎರಡು ಮೂರು ಮೊಟ್ಟೆ. ಅಟ್ಟಣಿಗೆಯ ಸುದ್ದಿ ಕೇಳಿ ಅವಳು ನನ್ನನ್ನೂ ಎಳೆದುಕೊಂಡು ತಮ್ಮ ಕೋಣೆಗೆ ಬಂದಳು. ತಾವೊಂದು ಹಾಳೆ ತೋರಿಸಿದಿರಿ: ಎಡಕ್ಕೆ ನೀರುನಾಯಿ, ಬಲಕ್ಕೆ ರೀವ. ಎರಡೂ ಅಳಿಯುತ್ತಿವೆ ಎಂಬುದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಹೋಲಿಸಿದ್ದಿರಿ.

"ನೋಡಮ್ಮ, ನೀರುನಾಯಿ ಮುದ್ದಾಗಿದೆ, ಆಟ ಆಡುತ್ತೆ, ನೋಡೋಕೆ ಜನ ಬರ್ತಾರೆ. ನಿಮ್ಮ ಹಕ್ಕಿ ಏನ್ ಮಾಡುತ್ತೆ?"

"ಮೊಟ್ಟೆ ಇಡುತ್ತೆ ಸಾರ್. ಎರಡು ತಿಂಗಳು ತಡೀರಿ, ಮರಿ ಹಾರಿಹೋಗ್ತವೆ. ಇನ್ನೊಂದು ಮಾತು, ಕಂಬಕ್ಕೆ ಅಂತ ದಂಡೆ ಅಗೆದ್ರೆ ಅಲ್ಲಿ ಬಿಲ ಮಾಡಿರೋ ನಿಮ್ಮ ನೀರುನಾಯೀನೂ ಉಳಿಯಲ್ಲ."

"ರೆಕ್ಕೆ ಇದೆಯಲ್ಲ, ಬೇರೆ ಕಡೆ ಹೋಗ್ಲಿ ಬಿಡಿ!"

ಮೊಟ್ಟೆಗೂ ರೆಕ್ಕೆ ಇರುತ್ತದೆಂದು ತಮಗೆ ಯಾವ ಪುಣ್ಯಾತ್ಮರು ಕಲಿಸಿದರು, ಸ್ವಾಮಿ?

ನಾಲ್ಕನೇ ದಿನ ಮೊಣಕಾಲುದ್ದದ ನೀರು ದಾಟಿ ಕಲ್ಲು ತುಂಬಿದ ಟ್ರ್ಯಾಕ್ಟರ್ ಬಂತು. ಅಕ್ಕ ಅಡ್ಡ ನಿಂತಳು. "ಎಲ್ಲಮ್ಮಾ ಮೊಟ್ಟೆ? ಬರೀ ಕಲ್ಲು!" ಎಂದು ಚಾಲಕ ರೇಗಿದ. ಅವಳು ಮುಂದಿನ ಚಕ್ರದ ಬುಡ ತೋರಿಸಿದಳು. ಆತ ಇಳಿದು, ಬಗ್ಗಿ, ಬಹಳ ಹೊತ್ತು ನೋಡಿದ. "ನನ್ನ ಕೈಲಾಗಲ್ಲಕ್ಕ" ಎಂದವನೇ, ಬಂದ ಗುರುತಿನ ಮೇಲೇ ಗಾಡಿಯನ್ನು ಹಿಂದಕ್ಕೆ ತೆಗೆದ. ನೋಡಿ, ಪದವಿಗಳ ಭಾರವಿಲ್ಲದ ಬೆನ್ನು ಸಲೀಸಾಗಿ ಬಗ್ಗಿತು.

ಮರುದಿನ ತಾವು ಬೇರೆ ಚಾಲಕನನ್ನು ಕಳಿಸಿದಿರಿ. ಅಕ್ಕನ ತೋಳು ಹಿಡಿಯಲು ಇಬ್ಬರು ಕಾವಲುಗಾರರನ್ನೂ. ಇಪ್ಪತ್ಮೂರು ಗೂಡುಗಳಿದ್ದವು. ಮಧ್ಯಾಹ್ನದ ಹೊತ್ತಿಗೆ ಒಂದೂ ಇರಲಿಲ್ಲ. ಹಕ್ಕಿಗಳು ತಲೆಯ ಮೇಲೆ ಅರಚುತ್ತ ಸುತ್ತುತ್ತಲೇ ಇದ್ದವು. ಎಷ್ಟೋ ಸಾವು ಕಂಡ ದಾದಿ ನನ್ನ ದೋಣಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಆಮೇಲೆ ಕಂಬಕ್ಕೆಂದು ದಂಡೆ ಅಗೆಸಿದಿರಿ. ಮಣ್ಣು ಕುಸಿದು ನೀರುನಾಯಿಗಳ ಬಿಲ ಮುಚ್ಚಿತು. ಅವು ಮರಿ ಕಚ್ಚಿಕೊಂಡು ಊರು ಬಿಟ್ಟವು. ಇಂಥ ಜಾಣತನಕ್ಕೆ ಕಚೇರಿಯೊಂದು ಬೇಕೇ? ದಡ್ಡರು ಇದನ್ನು ಮನೆಯಲ್ಲೇ ಕೂತು ಮಾಡಬಲ್ಲರು.

ಅಕ್ಕ ಈಗಲೂ ದಿನಾ ಬೆಳಗ್ಗೆ ಹೋಗುತ್ತಾಳೆ. "ಬಂದೇ ಬರ್ತವೆ ಕಣೋ" ಎನ್ನುತ್ತಾಳೆ. ನನಗೆ ಅಷ್ಟು ನಂಬಿಕೆಯಿಲ್ಲ. ಆದರೂ ಮುಂದಿನ ಬೇಸಿಗೆಗೆ ಮೊದಲು ಅಟ್ಟಣಿಗೆ ಕಿತ್ತು, ದಿಣ್ಣೆ ಖಾಲಿ ಮಾಡಿ, ಕಾಯುವ ಕೆಲಸವನ್ನು ಅವಳಿಗೆ ಲಿಖಿತವಾಗಿ ಒಪ್ಪಿಸಿ. ತಾವು ಮಾತ್ರ ದಯವಿಟ್ಟು ಅತ್ತ ಸುಳಿಯಬೇಡಿ.

ಇಂತಿ,
ತಮ್ಮನ್ನು ಗೌರವಿಸಲು ಒಂದಾದರೂ ಕಾರಣ ಹುಡುಕಿ ಸೋತ,
ದೋಣಿ ರಿಪೇರಿಯವನು