ಮೋರಿಗೆ ಕೂತ ಮೀಟರು

ನಮ್ಮ ಬಣ್ಣದ ಶೆಡ್ಡು,
ತಾ. ೧೧, ಬುಧವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಹೇಗಿದ್ದೀಯ ಕಂದ? ಕೆಮ್ಮು ಬಿಟ್ಟಿತಾ? ಹೊತ್ತಿಗೆ ಸರಿಯಾಗಿ ಊಟ ಮಾಡು, ಸರ್ಕಾರದ ಫೈಲು ಎಲ್ಲೂ ಓಡಿಹೋಗಲ್ಲ. ನನ್ನ ಮಂಡಿನೋವು ಹಾಗೇ ಇದೆ, ನಾನೂ ಹಾಗೇ ಇದ್ದೀನಿ. ನಿಮ್ಮಪ್ಪ ಚೆನ್ನಾಗಿದ್ದಾರೆ, ಅವರ ಸಿಟ್ಟೂ ಚೆನ್ನಾಗಿದೆ. ಕಾಲುವೆಗೆ ಬಿಡೋ ಕೊಳೆನೀರಿಗೆ ಶುಲ್ಕ ಹಾಕಿದ್ದು ನಿನ್ನ ಆಫೀಸೇ ಅಂತ ಗೊತ್ತಾದಾಗಿಂದ ನಿನ್ನ ಫೋನು ಎತ್ತಿಲ್ಲವಲ್ಲ, ಇನ್ನೂ ಅದೇ ಹಟ. ಹೆಸರೂ ಎತ್ತಲ್ಲ. ‘ನಿನ್ನ ಮಗಳು’ ಅಂತಾರೆ, ನಾನೊಬ್ಬಳೇ ಎಲ್ಲಿಂದಲೋ ತಂದ ಹಾಗೆ! ನಾನು ಫೋನು ಹಿಡಿದರೆ ಅವರ ಕಿವಿ ಇತ್ತಲೇ ಇರುತ್ತೆ, ಅದಕ್ಕೇ ಈ ಕಾಗದ.

ಹೋದ ತಿಂಗಳು ನಿಮ್ಮವರು ಬಂದು ನಮ್ಮ ಮೋರಿಗೆ ಮೀಟರು ಕೂರಿಸಿ ಹೋದರು. ನನಗಂತೂ ಕುತೂಹಲ ತಡೀಲಿಲ್ಲ. ಬಾಗಿಲು ಮುಚ್ಚಿ ಅನ್ನಲ್ಲ, ನೂಲಿಗೆ ಬಣ್ಣ ಹಾಕಬೇಡಿ ಅನ್ನಲ್ಲ, ಎಷ್ಟು ಹೊಲಸು ಬಿಡ್ತೀರೋ ಅಷ್ಟು ಕಟ್ಟಿ ಅನ್ನೋದು ಎಂಥ ಕಾನೂನಮ್ಮಾ? ನಿಮಗೆ ನಿಜವಾಗಿ ಬೇಕಾಗಿರೋದು ದುಡ್ಡೋ, ನೀರೋ? ನಿಮ್ಮಪ್ಪ ಮೊದಲನೇ ದಿನ ಮೀಟರಿಗೆ ಗೋಣಿ ಹೊದಿಸಿ, ‘ಇದರ ಮುಖ ನೋಡಲ್ಲ’ ಅಂದರು. ಮಾರನೇ ದಿನ ಗೋಣಿ ಎತ್ತಿ ಇಣುಕಿದರು. ಆಮೇಲೆ, ‘ಕಡುಬಣ್ಣ ತೆಳು ಮಾಡೋದು ನನಗೆ ಹೇಳಿಕೊಡಬೇಕಾ’ ಅಂತ ಮೋರಿಗೆ ನಲ್ಲಿ ಬಿಟ್ಟು, ಕೊಳೆನೀರಿಗೆ ಒಳ್ಳೇ ನೀರು ಬೆರೆಸಿದರು! ನೋಡೋಕೇನೋ ತಿಳಿಯಾಯ್ತು. ಆದರೆ ಆ ಮೀಟರು ಹೊಲಸನ್ನೂ ಅಳೆಯುತ್ತೆ, ನೀರನ್ನೂ ಅಳೆಯುತ್ತೆ. ಶುಲ್ಕ ಇನ್ನೂ ಏರಿತು. ನಾನು ನಕ್ಕಿದ್ದಕ್ಕೆ ನನ್ನ ಜೊತೆಗೂ ಎರಡು ದಿನ ಮಾತು ಬಿಟ್ಟರು.

ಶೆಡ್ಡೇ ಮುಚ್ಚಿಬಿಡ್ತೀನಿ ಅಂತ ಕೂಗಾಡಿದವರು ಈಗ ಎದ್ದ ಕೂಡಲೇ ಮೀಟರಿನ ಮುಂದೆ ಹಾಜರು. ಯಾವ ಬಣ್ಣಕ್ಕೆ ಮುಳ್ಳು ಎಷ್ಟು ಜಿಗಿಯುತ್ತೆ ಅಂತ ನೋಡ್ತಾ ನೋಡ್ತಾ ಕೆಲಸದ ಕ್ರಮವನ್ನೇ ಬದಲಾಯಿಸಿದ್ದಾರೆ. ಮೊದಲು ಹಳದಿ, ಆಮೇಲೆ ಕಿತ್ತಳೆ, ಕೆಂಪು, ಕಟ್ಟಕಡೆಗೆ ಕಪ್ಪು. ಹಳದಿ ನೂಲು ಜಾಲಿಸಿದ ನೀರಲ್ಲೇ ಕಿತ್ತಳೆಯದನ್ನ ಜಾಲಿಸೋದು. ಮೋರಿಗೆ ಹೋಗೋ ನೀರು ಅರ್ಧಕ್ಕರ್ಧ ಇಳಿದಿದೆ. ಕಾಲುವೆಯ ತಳ ಇನ್ನೂ ಕಾಣಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ನಮ್ಮ ದಡದಲ್ಲಿ ಮೂಗು ಮುಚ್ಚಿಕೊಳ್ಳದೆ ನಿಲ್ಲಬಹುದು. ಇದನ್ನೆಲ್ಲ ನಿಮ್ಮ ಮಗಳಿಗೆ ಬರೀಲಾ ಅಂದೆ. ‘ನಿನ್ನ ಮಗಳಿಗೆ ಏನಾದರೂ ಬರ್ಕೋ’ ಅಂತ ಎದ್ದು ಹೋದರು.

ನಿನ್ನ ಹೊಟ್ಟೆ ತಣ್ಣಗಿರಲಿ, ಕೈ ಗಟ್ಟಿಯಾಗಿರಲಿ ತಾಯಿ.

ನಿನ್ನ
ಅಮ್ಮ

ಮತ್ತೆ: ಲಕೋಟೆ ಅಂಟಿಸೋಷ್ಟರಲ್ಲಿ ನಿಮ್ಮಪ್ಪ ಬಂದು ನಿಂತರು. ಸಣ್ಣ ಶೆಡ್ಡುಗಳಿಗೆ ಮೀಟರು ಬೇಡ ಅಂತ ಬಿಟ್ಟಿದ್ದೀರಲ್ಲ, ಅದಕ್ಕೇ ಎದುರು ದಡದ ದೊಡ್ಡ ಶೆಡ್ಡಿನವರು ಒಳಗೆ ಗೋಡೆ ಎಬ್ಬಿಸಿ, ಮೂರು ಬೋರ್ಡು ತಗುಲಿಸಿ, ‘ನಾವೆಲ್ಲ ಸಣ್ಣವರು’ ಅಂತಿದ್ದಾರಂತೆ. ಮೋರಿ ಮಾತ್ರ ಒಂದೇ. ‘ನಾವಿಲ್ಲಿ ಒದ್ದಾಡಿ ನೀರು ಉಳಿಸೋದು, ಅವರು ಅಲ್ಲಿ ಕಪ್ಪು ಸುರಿಯೋದು! ಬೋರ್ಡು ಎಣಿಸಬೇಡ, ಮೋರಿ ಎಣಿಸು ಅಂತ ಬರಿ’ ಅಂದರು. ಯಾರಿಗೆ ಅಂದೆ, ಬೇಕಂತಲೇ. ‘ಯಾರಿಗೆ ಅಂದ್ರೆ? ನನ್ನ ಮಗಳಿಗೆ’ ಅಂದರು ಕಣೇ. ಭಾನುವಾರ ಫೋನು ಮಾಡು. ನಾನು ಎತ್ತಲ್ಲ.