ತುಟಿಗೆ ಒಗ್ಗಿದ್ದು

ನವೆಂಬರ್ 9, ಭಾನುವಾರ

ಪ್ರಾಕ್ಟೀಸ್ ಅರ್ಧಕ್ಕೇ ನಿಲ್ಲಿಸಿದೆ. ಮೇಲ್ತುಟಿ ಮತ್ತೆ ಉರಿ. ಸ್ಯಾಕ್ಸೋಫೋನಿಗೆ ಹೊಸ ಮೌತ್‌ಪೀಸ್ ಹಾಕಿದಂದಿನಿಂದ ಹೀಗೇ. ಬೀಟೆ ಮರದ್ದು. ನನ್ನ ಗಂಡ ಚಂದ್ರ ತಮ್ಮ ಲೇತ್ ಅಂಗಡಿಯಲ್ಲಿ ಕೆಲಸ ಮುಗಿದ ಮೇಲೆ ಕೂತು ಕಡೆದದ್ದು. ನಾದವೂ ಚೆನ್ನ — ಬೆಚ್ಚಗೆ, ತುಂಬಿಕೊಂಡು. ಇದರಿಂದಲೇ ಉರಿ ಅಂತ ಅವರಿಗೆ ಹೇಗೆ ಹೇಳಲಿ? ತಿಂಗಳ ಕೊನೆಗೆ ಕಿರಿಮಂಜೇಶ್ವರದಲ್ಲೊಂದು ಮದುವೆ, ಅದಕ್ಕೆ ಮೊದಲ ಸಲ ನಾನೇ ಮುಖ್ಯ ವಾದಕಿ. ಅಷ್ಟರೊಳಗೆ ಇಳಿದರೆ ಸಾಕು.

ನವೆಂಬರ್ 12

ಇಳಿಯಲಿಲ್ಲ. ತುಟಿ ಊದಿಕೊಂಡು ಗೋಳಿಬಜೆಯಂತಾಗಿದೆ. ಸೆರಗು ಮುಚ್ಚಿಕೊಂಡೇ ದೋಸೆ ಹುಯ್ದೆ. ಚಂದ್ರ ನೋಡಿಬಿಟ್ಟರು.

"ಎಷ್ಟ್ ದಿನದಿಂದ ಹೀಂಗಿತ್ತ್?"

"ನೀವ್ ಅಷ್ಟ್ ಪ್ರೀತಿಯಂಗೆ ಮಾಡಿದ್ದ್. ಹೇಳ್ರೆ ಬೇಜಾರಾತ್ತ್ ಅಂದೇಳಿ…"

"ಮರ ಹೋದ್ರೆ ಇನ್ನೊಂದ್ ಮರ. ನಡಿ, ಡಾಕ್ಟ್ರ ಹತ್ರ ಹೋಪ."

ಕುಂದಾಪುರದ ಚರ್ಮದ ಡಾಕ್ಟರ್ ಹೇಳಿದರು — ಬೀಟೆ ಮರ ಕೆಲವರ ಮೈಗೆ ಆಗುವುದಿಲ್ಲ. ಮುಲಾಮು ಕೊಟ್ಟರು. ಸದ್ಯ ಊದುವುದು ಬಂದ್. ನಮ್ಮೂರು ಬಿಜೂರಿನಲ್ಲಿ ಬಸ್ಸಿಳಿದ ಮೇಲೆ ಚಂದ್ರ ಅಂದರು — "ಮದಿ ಒಳ್ಗೆ ಬೇರೆ ಮಾಡಿ ಕೊಡ್ತೆ."

ನವೆಂಬರ್ 16

ತುಟಿ ಇಳಿದಿದೆ. ಸಾಮಾನು ಹುಡುಕಲು ಸುಧಾಕರಣ್ಣನ ಹಾರ್ಡ್‌ವೇರ್ ಅಂಗಡಿಗೆ ಇಬ್ಬರೂ ಹೋದೆವು. ಅವರು ಹಿತ್ತಾಳೆ ಸರಳು ತೆಗೆದರು.

"ಇದ್ರಂಗೆ ಸೀಸ ಇತ್ತಾ?" ಚಂದ್ರ ಕೇಳಿದರು.

"ಸ್ವಲ್ಪ ಇರತ್ತ್ ಮಾರಾಯ. ಲೇತಲ್ ಕಡುಕೆ ಸಲೀಸ್ ಆತ್ತಲ್ದಾ."

"ಹಂಗಾರೆ ಬ್ಯಾಡ. ಬಾಯಿಗೆ ಹಾಕೂದ್."

ಬಣ್ಣದ ಪ್ಲಾಸ್ಟಿಕ್ — ಅದರಲ್ಲಿ ಏನಿದೆಯೆಂದು ಅವರಿಗೇ ಗೊತ್ತಿಲ್ಲ. ಅದೂ ಬೇಡ. ಕೊನೆಗೆ ಒಂದು ಬಿಳಿ ಸರಳು. ತಿಂಡಿ ಮೆಷಿನ್ನಿಗೆ ಹಾಕುವಂಥದ್ದು, ಫುಡ್ ಗ್ರೇಡ್. ಕಂಪನಿಯ ಸರ್ಟಿಫಿಕೇಟ್ ಮೊಬೈಲಿನಲ್ಲಿ ತೋರಿಸಿದ ಮೇಲೇ ಚಂದ್ರ ಕೈಗೆತ್ತಿಕೊಂಡದ್ದು.

"ಚಿನ್ನ ತಕಂಬುಕೂ ಯಾರೂ ಇಷ್ಟ್ ಪ್ರಶ್ನೆ ಕೇಂತಿಲ್ಲೆ" ಅಂತ ಸುಧಾಕರಣ್ಣ ನಕ್ಕರು.

ನವೆಂಬರ್ 22

ಬಿಳಿ ಸರಳಿನಿಂದ ಕಡೆದ ಮೌತ್‌ಪೀಸ್ ಇವತ್ತು ಊದಿ ನೋಡಿದೆ. ಮರದ್ದರಷ್ಟು ಬೆಚ್ಚಗಿಲ್ಲ. ನನ್ನ ಮುಖ ನೋಡಿಯೇ ಚಂದ್ರರಿಗೆ ಗೊತ್ತಾಯಿತು. ಅವರು ಒಳಭಾಗ ಉಜ್ಜುವುದು, ಕೊಡುವುದು, ನಾನು ಊದುವುದು... ಹೀಗೇ ಸಂಜೆಯವರೆಗೆ. ಆಮೇಲೆ ಬಂತು. ಬೇರೆ ನಾದ — ನೇರ, ತಿಳಿ. ಇದು ನನ್ನದೇ ಅನಿಸಿತು. ತುಟಿಗೆ ಏನೂ ಆಗಿಲ್ಲ.

ನವೆಂಬರ್ 30, ಸಂಜೆ

ಮದುವೆ ಮುಗಿಸಿ ಬಂದೆವು. ಧಾರೆಯ ಹೊತ್ತಿಗೆ ಮನಸ್ಸು ಬಿಚ್ಚಿ ಊದಿದೆ. ತುಟಿಯ ನೆನಪೇ ಬರಲಿಲ್ಲ. ಡೋಲಿನವರು ಬಿಳಿ ಮೌತ್‌ಪೀಸ್ ನೋಡಿ, ಎಲ್ಲಿಂದ ತರಿಸಿದ್ದು ಅಂದರು. ಪಂಕ್ತಿಯಲ್ಲಿ ಪಾಯಸ ಹಾಕಿಸಿಕೊಳ್ಳುತ್ತಿದ್ದ ಗಂಡನನ್ನು ತೋರಿಸಿದೆ.

ಈಗ ಜಗಲಿಯಲ್ಲಿ ಚಂದ್ರ ತಾವೇ ಊದಲು ಕೂತಿದ್ದಾರೆ. ಎಮ್ಮೆ ಕೂಗಿದ ಹಾಗೆ ಒಂದು ಸ್ವರ. ಪಕ್ಕದ ಮನೆಯವರು ಬಾಗಿಲು ತೆಗೆದು ನೋಡುತ್ತಿದ್ದಾರೆ. ನಗು ತಡೆಯಲಾಗುತ್ತಿಲ್ಲ...

"ತುಂಗಾ, ಹಲ್ಲ್ ಎಲ್ ಇಡ್ಕ್ ಇದ್ಕೆ?"

ಬಂದೆ ಅಂತ ಕೂಗಿದೆ. ಮತ್ತೆ ಊದುತ್ತಿದ್ದಾರೆ, ಈ ಸಲ ಸ್ವಲ್ಪ ಸ್ವರದಂತೆಯೇ ಇದೆ.