ಒಂಬತ್ತು ನಿಮಿಷ

ಮಾರ್ಚ್ 7, 1960, ಸೋಮವಾರ
ಮತ್ತೆ ಅದೇ ಸೈರನ್, ಕಬ್ಬಿಣ ಕಡೆಯುವ ಅದೇ ಲೇತು, ನೂಲು ಸುತ್ತುವ ಅದೇ ಕದಿರು. ಬ್ರಾಡ್‌ಫರ್ಡಿನ ಅರ್ಧ ಗಿರಣಿಗಳು ತಿರುಗುವುದು ನಾವು ಕಡೆದ ಕದಿರಿನ ಮೇಲೆ. ಒಂದಕ್ಕೆ ಗೊತ್ತುಮಾಡಿದ್ದು ಹದಿನಾಲ್ಕು ನಿಮಿಷ.

ಪಕ್ಕದ ಲೇತು ಅಪ್ಪನದು. ಈ ಚಳಿಗಾಲದಲ್ಲಿ ಎದೆ ಕೆಟ್ಟಿತು. ನಿಂತು ಕೆಮ್ಮುತ್ತಾನೆ, ಆದರೂ ಹದಿನಾಲ್ಕರಲ್ಲಿ ಮುಗಿಸುತ್ತಾನೆ.

ಆ ಹದಿನಾಲ್ಕನ್ನು ಇನ್ನೂ ಇಳಿಸಬಹುದೇ ಅಂತ ಅಳೆಯಲು ನಾಳೆ ಆಫೀಸಿನ ಪಿಕರ್ಸ್‌ಗಿಲ್ ಸ್ಟಾಪ್‌ವಾಚ್ ಹಿಡಿದು ಬರುತ್ತಾನಂತೆ. ನನ್ನ ಲೇತಿಗೇ. ಟೀ ವೇಳೆಗೆ ಯೂನಿಯನ್ನಿನ ನಾರ್ಮನ್ ಪಾಠ ಹೇಳಿದ.
"ನೋಡು ಡೆರಿಕ್, ಅವ್ನ ಮುಂದೆ ಬಸವನಹುಳ ಆಗ್ಬಿಡು. ಉಳಿ ಎರಡ್ ಸಲ ಮಸೆ. ಮೂಗು ಒರ್ಸು. ನಮ್ಮಪ್ಪಂದ್ರ ಕಾಲದಿಂದ್ಲೂ ಹಿಂಗೇ ನಡ್ಕೊಂಡ್ ಬಂದಿದೆ."
"ಮೂಗು ಒರ್ಸೋಕೂ ಯೂನಿಯನ್ ರೂಲಾ?"
ನಗಲಿಲ್ಲ ಆಸಾಮಿ. ಫೋರ್‌ಮನ್ ಕೂದಲು ಕತ್ತರಿಸು ಅನ್ನುತ್ತಾನೆ, ಅಮ್ಮ ಚರ್ಚಿಗೆ ಬಾ ಅನ್ನುತ್ತಾಳೆ, ಈಗ ಇವನೊಬ್ಬ. ಸಾಕಾಗಿದೆ...

ಮಾರ್ಚ್ 8, ಮಂಗಳವಾರ
ನಿಧಾನವಾಗಿಯೇ ಶುರು ಮಾಡಿದ್ದೆ — ದೇವರಾಣೆ. ಆ ಬಿಳಿ ಕಾಲರಿನ ಪಿಕರ್ಸ್‌ಗಿಲ್ ಬಗ್ಗಿ ಕಿವಿಯಲ್ಲಿ ಹೇಳಿದ:
"ಪರವಾಗಿಲ್ಲಪ್ಪ, ಆರಾಮಾಗ್ ಮಾಡು. ಅಪ್ಪನ್ ನೋಡಿ ಕಲ್ತೋನು ಇನ್ನೆಷ್ಟು ಮಾಡೀಯಾ?"
ಪಿತ್ತ ನೆತ್ತಿಗೇರಿತು. ಒಂಬತ್ತು ನಿಮಿಷ! ಬಿಸಿ ಕದಿರನ್ನು ಅವನ ಅಂಗೈಗೇ ಇಟ್ಟೆ. ಕೈ ಸುಟ್ಟುಕೊಂಡ. ಖುಷಿಯಿಂದ ತಿರುಗಿ ನೋಡಿದರೆ ಯಾರ ಮುಖದಲ್ಲೂ ನಗುವಿಲ್ಲ. ನಗುತ್ತಿದ್ದವನು ಅವನೊಬ್ಬನೇ, ಬರೆದುಕೊಳ್ಳುತ್ತ.

ಮಾರ್ಚ್ 14, ಸೋಮವಾರ
ಬೋರ್ಡಿನಲ್ಲಿ ನೋಟಿಸು. ಇವತ್ತಿನಿಂದ ಎಲ್ಲರಿಗೂ ಒಂಬತ್ತು ನಿಮಿಷ. ಮುಗಿಸಲಾಗದವರನ್ನು ಲೇತಿನಿಂದ ತೆಗೆಯುತ್ತಾರೆ.

ನನ್ನೊಂದಿಗೆ ಯಾರೂ ಮಾತಾಡುವುದಿಲ್ಲ. ಯೂನಿಯನ್ನಿನಲ್ಲಿ ಹಾಗಂತ ತೀರ್ಮಾನವಾಗಿದೆ. ಕ್ಯಾಂಟೀನಿನಲ್ಲಿ ಕೂತರೆ ಬೆಂಚೇ ಖಾಲಿಯಾಗುತ್ತದೆ. ಅಪ್ಪನೂ ತಟ್ಟೆ ಹಿಡಿದು ಎದ್ದ.

ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. "ನೀನೂನಾ?"
"ಮನೇಲಿ ನೀನು ನನ್ ಮಗ. ಅಲ್ಲಿ ನಾನು ಅವ್ರ ಪೈಕಿ," ಅಂದ. "ಬ್ರೆಡ್ ತಗೋ."
"ನಿನಗೋಸ್ಕರಾನೇ ಮಾಡಿದ್ದು ಕಣಪ್ಪ!"
"ನಾನ್ ಕೇಳಿದ್ನಾ?"

ಮಾರ್ಚ್ 23, ಬುಧವಾರ
ಅಪ್ಪ ಹನ್ನೆರಡು ನಿಮಿಷಕ್ಕಿಂತ ಕೆಳಗೆ ಇಳಿಯುತ್ತಿಲ್ಲ. ಎರಡು ಸಲ ಎಚ್ಚರಿಕೆ ಕೊಟ್ಟಾಯಿತು. ಕೆಮ್ಮು ಬಂದರೂ ಈಗ ನಿಲ್ಲುವುದಿಲ್ಲ, ಲೇತಿನ ಮೇಲೇ ಕೆಮ್ಮುತ್ತಾನೆ.

ಮಾನ ಬಿಟ್ಟು ಪಿಕರ್ಸ್‌ಗಿಲ್ಲನ ಬಾಗಿಲಿಗೆ ಹೋದೆ. ಅವತ್ತು ಹುಚ್ಚುಚ್ಚಾಗಿ ಓಡಿಸಿದೆ, ದಿನವೆಲ್ಲ ಹಾಗೆ ಯಾರಿಂದಲೂ ಆಗುವುದಿಲ್ಲ ಅಂದೆ.
"ಗಡಿಯಾರ ಸುಳ್ಳು ಹೇಳಲ್ಲಪ್ಪ. ನಿನ್ ಕೈಚಳಕ ನಾನೇ ನೋಡಿದೀನಲ್ಲ." ಕೈಗೆ ಇನ್ನೂ ಪಟ್ಟಿ ಕಟ್ಟಿಕೊಂಡಿದ್ದ. ಅದನ್ನು ನೋಡಿ ಈ ಸಲ ಖುಷಿಯಾಗಲಿಲ್ಲ.

ನಾನು ತೋಡಿದ ಹಳ್ಳ, ಬೀಳುವವನು ಅಪ್ಪ. ಥೂ ನನ್ನ ಜನ್ಮಕ್ಕೆ.

ಏಪ್ರಿಲ್ 4, ಸೋಮವಾರ, ಸಂಜೆ 6
ಪಕ್ಕದ ಲೇತಿನಲ್ಲಿ ಬೇರೆಯವನು. ಅಪ್ಪನ ಕೈಗೆ ಪೊರಕೆ. ಮೂವತ್ತೊಂದು ವರ್ಷ ಆ ಲೇತು ನಡೆಸಿದವನು.

ಕಬ್ಬಿಣದ ಚೂರು ಗುಡಿಸುತ್ತ ಸಾಲಿನುದ್ದಕ್ಕೂ ಬಂದ. ಅವನು ಬರುವ ಮೊದಲೇ ಒಬ್ಬೊಬ್ಬರೂ ಸರಿದು ಜಾಗ ಕೊಟ್ಟರು. ನಾರ್ಮನ್ ಟೋಪಿ ತೆಗೆದ. ನನಗೆ ಮಾತ್ರ ಅಲುಗಲಾಗಲಿಲ್ಲ.

ಅಪ್ಪ ನನ್ನೆದುರು ನಿಂತ. ಮೂರು ವಾರದ ಮೇಲೆ ಕಾರ್ಖಾನೆಯಲ್ಲಿ ನನ್ನೊಂದಿಗೆ ಆಡಿದ ಮೊದಲ ಮಾತು:
"ಕಾಲೆತ್ತಪ್ಪ."

ಪೊರಕೆ ಕಿತ್ತುಕೊಳ್ಳಬೇಕಿತ್ತು. ಎಲ್ಲರೂ ನೋಡುತ್ತಿದ್ದರು. ನಾನು ಕಾಲೆತ್ತಿದೆ, ಅಪ್ಪ ನನ್ನ ಕಾಲಡಿಯ ಚೂರು ಗುಡಿಸಿಕೊಂಡು ಮುಂದೆ ಹೋದ.